ಮನೆ ಕಂದಾಯದ ರಸೀದಿಯೊಳಗೊಂದು ಲೈಬ್ರರಿ

 

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಿಮ್ಮ ಮನೆಯ ಕಂದಾಯದ ರಸೀದಿಯನ್ನ ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಮೊತ್ತ ನೋಡಿ, ಮಡಚಿ, ಟ್ರಂಕಿಗೆ ಹಾಕೋದಲ್ಲ. ಸಾಲು ಸಾಲಾಗಿ ಓದೋದು.

ನಾನು ಲೊಕ್ಕನಹಳ್ಳಿ ಕಡೆಯವನು. ಈಗ ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ. ಒಂದು ಸಲ ಊರಿಗೆ ಹೋದಾಗ ಅಜ್ಜಿ ಪಂಚಾಯ್ತಿ ರಸೀದಿ ಕೈಗೆ ಕೊಟ್ಟು, ಏನೇನು ಬರೆದಿದೆ ಓದು ಅಂದ್ರು. ಓದಿದೆ. ಮನೆ ಕಂದಾಯ ಇಷ್ಟು. ಅದರ ಕೆಳಗೆ ಆರೋಗ್ಯ ಕರ, ಶಿಕ್ಷಣ ಕರ, ಗ್ರಂಥಾಲಯ ಕರ, ಭಿಕ್ಷುಕರ ಕರ. ಅಜ್ಜಿ ಅಲ್ಲೇ ನಿಲ್ಲಿಸಿದ್ರು. "ಗ್ರಂಥಾಲಯ ಅಂದ್ರ ಯಾನ್ ಮಗ?" ಲೈಬ್ರರಿ ಕಣಜ್ಜಿ ಅಂದೆ. "ನಾ ಯಾವತ್ತು ಕನಾ ಲೈಬ್ರರಿಗ್ ಹೋಗಿದ್ದೆ, ನನ್ ತಾವ್ ದುಡ್ ಕಟ್ಟುಸ್ಕಂಡವ್ರೆ?"

ನಾನು ನಕ್ಕೆ. ಆದ್ರೆ ಆ ಪ್ರಶ್ನೆ ತಲೆಯಿಂದ ಹೋಗ್ಲಿಲ್ಲ. ಕಂದಾಯದ ಮೇಲೆ ಗ್ರಂಥಾಲಯ ಕರ ಶೇಕಡಾ 6. ಅಂದ್ರೆ ಮನೆ ಕಂದಾಯ 500 ರೂಪಾಯಿ ಇದ್ರೆ, ಅದಕ್ಕೆ ಸೇರಿಸಿ 30 ರೂಪಾಯಿ ಲೈಬ್ರರಿಗೆ. ಓದೋಕೆ ಬರದ ನನ್ನ ಅಜ್ಜಿ ವರ್ಷವರ್ಷವೂ ಲೈಬ್ರರಿಗೆ ದುಡ್ಡು ಕಟ್ಟಿದ್ದಾರೆ. ಈ ಸಾಲು ರಸೀದಿಗೆ ಹೇಗೆ ಬಂತು? ಕಟ್ಟಿದ್ದಕ್ಕೆ ಅಜ್ಜಿಗೆ ಸಿಗಬೇಕಾಗಿದ್ದು ಏನು? ನಾಳೆ ನಮ್ಮ ಹನೂರಿನಂಥ ಊರಿನ ನಡುವೆ ಒಂದು ಹೊಸ ಲೈಬ್ರರಿ ಕಟ್ಟೋದಾದ್ರೆ ಅದು ಹೇಗಿರಬೇಕು? ಇವತ್ತಿನ ಕಂತು ಇದರ ಬಗ್ಗೆ.

ಹೊಳೆಯ ಆಚೆ: ಒಂದು ಕೆಂಪು ಕಟ್ಟಡ

ಕಥೆ ನಮ್ಮ ಪಕ್ಕದಲ್ಲೇ ಶುರುವಾಗುತ್ತೆ. ಶಿವನಸಮುದ್ರಕ್ಕೆ ಹೋಗಿದ್ದೀರಲ್ಲ? ಕಾವೇರಿ ಅಲ್ಲಿ ಎರಡು ಕವಲಾಗಿ ಬೀಳ್ತಾಳೆ. ಗಗನಚುಕ್ಕಿ ಮಳವಳ್ಳಿ ಕಡೆ, ಭರಚುಕ್ಕಿ ಕೊಳ್ಳೇಗಾಲದ ಕಡೆ. ಈ ನೀರಿನಿಂದ ಕರೆಂಟ್ ಮಾಡೋ ಯೋಜನೆಯನ್ನ ಹಿಡಿದು ಮುಂದಕ್ಕೆ ತಂದವರು ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್. 1883ರಿಂದ 1901ರವರೆಗೆ, 18 ವರ್ಷ ದಿವಾನರಾಗಿದ್ದವರು. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದವು. ಅಯ್ಯರ್ ಅವರು ಅದನ್ನ ನೋಡ್ಲಿಲ್ಲ. 1901ರಲ್ಲೇ ತೀರಿಕೊಂಡಿದ್ರು.

ಅವರ ನೆನಪಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಒಂದು ಕಟ್ಟಡ ಎದ್ದಿತು. ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, 1915. ಕೆಂಪು ಗೋಡೆ, ಬಿಳಿ ಕಂಬ, ಮುಂದೆ ಅಯ್ಯರ್ ಪ್ರತಿಮೆ. ರೀಲ್ಸ್‌ನಲ್ಲಿ ನೀವು ನೂರು ಸಲ ನೋಡಿರ್ತೀರಿ, ಒಳಗೆ ಹೋಗಿರ್ತೀರೋ ಇಲ್ವೋ ಗೊತ್ತಿಲ್ಲ. ಅದೇ ಸಾರ್ವಜನಿಕ ಗ್ರಂಥಾಲಯವಾಯ್ತು. ಈಗಿನ ರಾಜ್ಯ ಕೇಂದ್ರ ಗ್ರಂಥಾಲಯ.

ಆಗ ದಿವಾನರು ಎಂ. ವಿಶ್ವೇಶ್ವರಯ್ಯ. ಹೊಸದನ್ನ ಮಾಡಬೇಕು ಅನ್ನೋ ಹುರುಪಿನ ಕಾಲ. ಕನ್ನಡ ಸಾಹಿತ್ಯ ಪರಿಷತ್ತು ಶುರುವಾಗಿದ್ದೂ ಅದೇ 1915ರಲ್ಲಿ. ಉತ್ತರದ ಬರೋಡದಲ್ಲಿ ಮಹಾರಾಜ ಸಯ್ಯಾಜಿರಾವ್ ಗಾಯಕವಾಡ್ 1910ರಲ್ಲೇ ಅಮೆರಿಕದಿಂದ ವಿಲಿಯಂ ಬಾರ್ಡನ್ ಅನ್ನೋ ಲೈಬ್ರರಿ ತಜ್ಞರನ್ನ ಕರೆಸಿ, ರಾಜ್ಯದ ತುಂಬ ಲೈಬ್ರರಿ ಜಾಲ ಹಾಕಿಸೋಕೆ ಹೊರಟಿದ್ರು. ರಾಜರು, ದಿವಾನರು ಜನರಿಗೆ ಲೈಬ್ರರಿ ಕೊಡ್ತಾ ಇದ್ದ ಕಾಲ ಅದು.

'ಕೊಡ್ತಾ ಇದ್ದ' ಅನ್ನೋ ಮಾತನ್ನ ನೆನಪಲ್ಲಿಡಿ. ಕಬ್ಬನ್ ಪಾರ್ಕಿನ ಕಟ್ಟಡ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಮೊದಲು ಸ್ಮಾರಕ, ಆಮೇಲೆ ಲೈಬ್ರರಿ. ನಿಂತಿರೋದು ಉದ್ಯಾನದೊಳಗೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು ಪ್ರದೇಶ, ನಡುವೆ ಮರಗಳ ಹಸಿರು. ಓದೋಕೆ ಹೇಳಿ ಮಾಡಿಸಿದ ನೆರಳು. ಆದ್ರೆ ಚಿಕ್ಕಪೇಟೆಯ ನೇಕಾರ ಸಂಜೆ ಮಗ್ಗ ನಿಲ್ಲಿಸಿ ಅಲ್ಲಿವರೆಗೆ ನಡೆದು ಹೋಗಬೇಕಿತ್ತು. ಎಲ್ಲಿ ಕಟ್ಟಬೇಕು ಅಂತ ತೀರ್ಮಾನಿಸುವಾಗಲೇ ಯಾರು ಸುಲಭವಾಗಿ ಬರ್ತಾರೆ, ಯಾರು ಬರಲ್ಲ ಅನ್ನೋದೂ ಅರ್ಧ ತೀರ್ಮಾನ ಆಗಿರುತ್ತೆ.

ಹೊಳೆಯ ಈಚೆ: ಒಂದು ಕಾನೂನು

ಈಗ ಹೊಳೆ ದಾಟಿ ಈ ಕಡೆ ಬರೋಣ. ಆಗ ಹೊಳೆ ದಾಟಿದ್ರೆ ರಾಜ್ಯವೇ ಬದಲಾಗ್ತಿತ್ತು. 1799ರಲ್ಲಿ ಟಿಪ್ಪು ಸತ್ತ ಮೇಲೆ ಕೊಳ್ಳೇಗಾಲ ಬ್ರಿಟಿಷರ ಪಾಲಾಯ್ತು. ಮದ್ರಾಸ್ ಪ್ರಾಂತ್ಯ, ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು. ಲೊಕ್ಕನಹಳ್ಳಿ, ಹನೂರು, ಮಾದಪ್ಪನ ಬೆಟ್ಟ ಎಲ್ಲ ಅದರೊಳಗೆ. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನ, ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು. ಒಂದೇ ಮಾತು, ಒಂದೇ ಜಾತ್ರೆ, ಒಬ್ಬನೇ ಮಾದಪ್ಪ, ಆದ್ರೆ ಯಳಂದೂರಿನವರ ಅರ್ಜಿ ಮೈಸೂರಿಗೆ, ಕೊಳ್ಳೇಗಾಲದವರ ಅರ್ಜಿ ಕೊಯಮತ್ತೂರಿಗೆ.

ಹಾಗಾಗಿ ನಮ್ಮ ಲೈಬ್ರರಿ ಕಥೆ ಬೆಂಗಳೂರಿನಿಂದಲ್ಲ, ಮದ್ರಾಸಿನಿಂದ ಬರುತ್ತೆ. ಅದರ ನಾಯಕ ಒಬ್ಬ ಗಣಿತದ ಮೇಷ್ಟ್ರು.

ಎಸ್. ಆರ್. ರಂಗನಾಥನ್. 1892ರಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಹುಟ್ಟಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ್ರು. ಕೆಲಸ ಕಲಿಯೋಕೆ ಲಂಡನ್ನಿಗೆ ಹೋದ್ರು. ಅಲ್ಲಿ ಸಾಮಾನ್ಯ ಜನ, ಹೆಂಗಸರು, ಮಕ್ಕಳು ತಾವೇ ಕಪಾಟಿಗೆ ಕೈ ಹಾಕಿ ಪುಸ್ತಕ ತೆಗೆದುಕೊಳ್ಳೋದನ್ನ ನೋಡಿದ್ರು. ನಮ್ಮಲ್ಲಿ? ಬೀರು, ಬೀರಿಗೆ ಬೀಗ, ಬೀಗದ ಕೈ ಒಬ್ಬರ ಸೊಂಟದಲ್ಲಿ.

ವಾಪಸ್ ಬಂದು ಬೀಗ ತೆಗೆಸಿದ್ರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳ ಬಗ್ಗೆ ಪುಸ್ತಕ ಬರೆದ್ರು. ಪ್ರಪಂಚದಲ್ಲಿ ಎಲ್ಲೇ ಲೈಬ್ರರಿ ಸೈನ್ಸ್ ಓದೋರಿಗೂ ಆ ಪುಸ್ತಕ ಗೊತ್ತು. ಮೊದಲ ಸೂತ್ರದ ಸಾರವನ್ನ ನಮ್ಮ ಮಾತಲ್ಲಿ ಹೇಳೋದಾದ್ರೆ, ಪುಸ್ತಕ ಅಂದ್ರೆ ಜೋಪಾನ ಮಾಡಿ ಇಡೋ ಒಡವೆ ಅಲ್ಲ, ಕೈಯಿಂದ ಕೈಗೆ ಹೋಗಿ ಸವೆಯಬೇಕಾದ ಸಾಮಾನು. ಇಷ್ಟೇನಾ ಅನ್ಸುತ್ತೆ. ಆದ್ರೆ ಈ ಒಂದು ಮಾತಿನಿಂದ ಅವರು ಕಟ್ಟಡದ ವಿನ್ಯಾಸವನ್ನೇ ಎಳೆದು ತೆಗೀತಾರೆ.

ಪುಸ್ತಕ ಬಳಸೋಕೆ ಇರೋದಾದ್ರೆ ಲೈಬ್ರರಿ ಎಲ್ಲಿರಬೇಕು? ಧೂಳಿಲ್ಲ, ಗಲಾಟೆಯಿಲ್ಲ ಅಂತ ಊರ ಹೊರಗೆ ಅಲ್ಲ. ಅಂಗಡಿ ಇಡೋನು ಜಾಗ ಹೇಗೆ ಹುಡುಕ್ತಾನೋ ಹಾಗೆ ಹುಡುಕಬೇಕು, ಜನ ಓಡಾಡೋ ಕಡೆ. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು? ನೌಕರರಿಗೆ ಅನುಕೂಲ ಆದಷ್ಟಲ್ಲ, ಓದುಗರಿಗೆ ಬಿಡುವು ಇರೋ ಹೊತ್ತೆಲ್ಲ. ಕಪಾಟು ಎಷ್ಟು ಎತ್ತರ? ಏಣಿ ಇಲ್ಲದೆ, ನೆಲದ ಮೇಲೆ ನಿಂತು ಕೈಗೆ ಎಟಕುವಷ್ಟು. ಎರಡು ಕಪಾಟಿನ ನಡುವೆ? ಇಬ್ಬರು ಎದುರಾದ್ರೆ ಭುಜ ತಗಲದೆ ಹೋಗುವಷ್ಟು. ಇಷ್ಟು ನೋಡಿಕೊಂಡ ಮೇಲೆ ಕಂಬ, ಗೋಪುರದ ಮಾತು.

ಅದೇ 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಕನಕಸಭಾಪತಿ ಅಲ್ಲ, ಕನಕಸಭೈ ಪಿಳ್ಳೈ ಅನ್ನೋರು ಎತ್ತಿನ ಗಾಡಿಯ ಮೇಲೆ ಲೈಬ್ರರಿ ಹೊರಡಿಸಿದ್ರು. ಹಳ್ಳಿಹಳ್ಳಿಗೆ ಗಾಡಿ ಹೋಗಿ ನಿಲ್ತಿತ್ತು, ಜನ ಬಂದು ಪುಸ್ತಕ ತಗೊಳ್ತಿದ್ರು. ಗೋಡೆಯೇ ಇಲ್ಲದ ಲೈಬ್ರರಿ.

ಆದ್ರೆ ಗಾಡಿ ಓಡಬೇಕಾದ್ರೆ ಎತ್ತಿಗೆ ಹುಲ್ಲು ಬೇಕಲ್ಲ? ರಂಗನಾಥನ್ ಮೇಷ್ಟ್ರು ಗಣಿತದವರು, ಲೆಕ್ಕ ಬಿಡೋರಲ್ಲ. ದಾನಿ ಸತ್ರೆ, ದಿವಾನ ಬದಲಾದ್ರೆ ಲೈಬ್ರರಿ ಮುಚ್ಚಿಹೋಗಬಾರದು. ಅದಕ್ಕೆ ಕಾನೂನು ಬೇಕು, ಕಾನೂನಿನಲ್ಲಿ ದುಡ್ಡಿನ ದಾರಿ ಇರಬೇಕು ಅಂತ ಹಠ ಹಿಡಿದ್ರು. 1930ರಿಂದಲೇ ಮಾದರಿ ಮಸೂದೆ ಬರೆದು ಇಟ್ಟುಕೊಂಡು ಪ್ರಾಂತ್ಯ ಪ್ರಾಂತ್ಯ ತಿರುಗಿದ್ರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾನೂನು ಬಂತು. ಸ್ವತಂತ್ರ ಭಾರತದಲ್ಲಿ ಇದೇ ಮೊದಲನೆಯದು. ಶಿಕ್ಷಣ ಮಂತ್ರಿ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್. ಅವರೂ ನಮ್ಮ ಆಗಿನ ಕೊಯಮತ್ತೂರು ಜಿಲ್ಲೆಯವರೇ. ಜಿಲ್ಲೆಗೊಂದು ಗ್ರಂಥಾಲಯ ಪ್ರಾಧಿಕಾರ, ಮನೆ ಕಂದಾಯದ ರೂಪಾಯಿಗೆ ಕೆಲವೇ ಪೈಗಳ ಗ್ರಂಥಾಲಯ ಕರ.

ಅಜ್ಜಿಯ ರಸೀದಿಯ ಆ ಸಾಲಿನ ಬೇರು ಇಲ್ಲಿದೆ.

ಎರಡು ಕಥೆ ಕೂಡಿದ ಜಾಗ

ಈಗ ಒಂದು ತಮಾಷೆ ನೋಡಿ. 1950ರ ದಶಕದ ಶುರುವಿನಲ್ಲಿ ಮೈಸೂರು ರಾಜ್ಯದ ರಾಜಧಾನಿಯಲ್ಲಿ ಕಂಬಗಳ ಸುಂದರ ಲೈಬ್ರರಿ ಇತ್ತು, ಲೈಬ್ರರಿ ಕಾನೂನು ಇರ್ಲಿಲ್ಲ. ಹೊಳೆಯ ಈಚೆ ಕೊಳ್ಳೇಗಾಲದಲ್ಲಿ ಅಂಥ ಕಟ್ಟಡ ಇರ್ಲಿಲ್ಲ, ಕಾನೂನು ಇತ್ತು. ಅಲ್ಲಿ ಲೈಬ್ರರಿ ಅಂದ್ರೆ ಸರ್ಕಾರ ಕೊಟ್ಟ ಕೊಡುಗೆ. ಇಲ್ಲಿ ಕಾಗದದ ಮೇಲಾದ್ರೂ ಅದು ಜನ ತಾವೇ ದುಡ್ಡು ಕಟ್ಟಿ ಪಡೆದ ಹಕ್ಕು.

1956ರ ನವೆಂಬರ್ 1. ರಾಜ್ಯಗಳ ಮರುವಿಂಗಡಣೆ. ಕೊಳ್ಳೇಗಾಲ ಕೊಯಮತ್ತೂರು ಬಿಟ್ಟು ಮೈಸೂರು ಜಿಲ್ಲೆಗೆ ಸೇರ್ತು. ಬೇರೆ ಬೇರೆ ಕಡೆಯಿಂದ ಬಂದ ಪ್ರದೇಶಗಳು ತಮ್ಮ ಹಳೇ ಕಾನೂನುಗಳನ್ನೂ ಗಂಟು ಕಟ್ಟಿಕೊಂಡೇ ಬಂದವು. ಆ ಕಾಲದ ಮೈಸೂರು ರಾಜ್ಯದ ಕಾಯ್ದೆ ಪುಸ್ತಕಗಳಲ್ಲಿ 'ಮಂಗಳೂರು ಮತ್ತು ಕೊಳ್ಳೇಗಾಲ ಪ್ರದೇಶ' ಅನ್ನೋ ಮಾತು ಮತ್ತೆ ಮತ್ತೆ ಬರುತ್ತೆ. ಸಮುದ್ರದ ದಡದ ಮಂಗಳೂರೆಲ್ಲಿ, ಕಾಡಂಚಿನ ಕೊಳ್ಳೇಗಾಲ ಎಲ್ಲಿ! ಎರಡೂ ಮದ್ರಾಸಿನಿಂದ ಬಂದವು ಅನ್ನೋ ಒಂದೇ ಕಾರಣಕ್ಕೆ ಜೋಡಿಯಾಗಿದ್ವು.

ಇಡೀ ರಾಜ್ಯಕ್ಕೆ ಒಂದೇ ಗ್ರಂಥಾಲಯ ಕಾನೂನು ಬಂದಿದ್ದು 1965ರಲ್ಲಿ, ಜಾರಿಯಾಗಿದ್ದು 1966ರಲ್ಲಿ. ಅಷ್ಟೊತ್ತಿಗೆ ರಂಗನಾಥನ್ ಬೆಂಗಳೂರಿಗೇ ಬಂದು ನೆಲೆಸಿದ್ರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದ್ರು. 1972ರಲ್ಲಿ ತೀರಿಕೊಂಡಿದ್ದೂ ಬೆಂಗಳೂರಿನಲ್ಲೇ. ಹೊಸ ಕಾನೂನಿನಲ್ಲಿ ಎರಡೂ ಕಥೆ ಕೂಡಿದವು. ಕಬ್ಬನ್ ಪಾರ್ಕಿನ ಕಟ್ಟಡ ರಾಜ್ಯ ಕೇಂದ್ರ ಗ್ರಂಥಾಲಯವಾಯ್ತು. ಕಂದಾಯದ ಮೇಲಿನ ಗ್ರಂಥಾಲಯ ಕರ ಇಡೀ ರಾಜ್ಯಕ್ಕೆ ಹಬ್ಬಿತು.

ಹಾಗಾದ್ರೆ ಕಥೆ ಸುಖಾಂತ್ಯನಾ? ಇಲ್ಲ. ನಗರಸಭೆ, ಪಾಲಿಕೆಗಳು ಜನರಿಂದ ವಸೂಲಿ ಮಾಡಿದ ಗ್ರಂಥಾಲಯ ಕರವನ್ನ ಗ್ರಂಥಾಲಯಕ್ಕೆ ಕೊಡದೆ ಬಾಕಿ ಉಳಿಸಿಕೊಂಡಿವೆ ಅನ್ನೋ ಸುದ್ದಿಯನ್ನ ನೀವೇ ಎಷ್ಟು ಸಲ ಓದಿಲ್ಲ? ಕರ ಕಟ್ಟೋರಿಗೆ ಕರ ಕಟ್ತಿದ್ದೀವಿ ಅಂತ ಗೊತ್ತಿಲ್ಲದಿದ್ರೆ ಕೇಳೋರು ಯಾರು?

ನನ್ನದೇ ಒಂದು ಅನುಭವ. ಪಿಯುಸಿ ಓದುವಾಗ ಒಂದು ಊರಿನ ಲೈಬ್ರರಿಗೆ ಹೋಗ್ತಿದ್ದೆ, ಹೆಸರು ಬೇಡ. ಕಾಲೇಜು ಬಿಟ್ಟು ಅಲ್ಲಿಗೆ ತಲುಪಿದ್ರೆ ಬಾಗಿಲು ಹಾಕೋ ಹೊತ್ತು. ಭಾನುವಾರ ಹೋದ್ರೆ ತೆಗೆದಿರ್ತಿತ್ತು, ಆದ್ರೆ ನಮ್ಮೂರ ಬಸ್ ಕಮ್ಮಿ. ಗಾಜಿನ ಬೀರಿನೊಳಗೆ ಪುಸ್ತಕದ ಬೆನ್ನು ಕಾಣ್ತಿತ್ತು, ಬೀಗ ಇತ್ತು. ನನ್ನ ಜೊತೆ ಬರ್ತಿದ್ದ ಹುಡುಗಿ ಎರಡು ಸಲ ಬಂದು ನಿಲ್ಲಿಸಿದ್ಲು. ಟಾಯ್ಲೆಟ್ ಇಲ್ಲ ಕಣೋ, ಎಷ್ಟೊತ್ತು ಅಂತ ಕೂರ್ಲಿ ಅಂದ್ಲು. ಅಲ್ಲಿದ್ದ ನೌಕರರು ಕೆಟ್ಟವರಲ್ಲ. ಆ ಕಟ್ಟಡವನ್ನ ಯೋಚಿಸಿದವರ ತಲೆಯಲ್ಲಿ ನಾವಿಬ್ಬರೂ ಇರ್ಲಿಲ್ಲ, ಅಷ್ಟೇ.

ಹನೂರಿನ ನಡುವೆ ಒಂದು ಲೈಬ್ರರಿ

ಈಗ ನನ್ನ ಲೆಕ್ಕ. ಇದು ಯಾವ ಸರ್ಕಾರಿ ಯೋಜನೆಯೂ ಅಲ್ಲ, ಸುಮ್ನೆ ಯೋಚನೆ. ಹನೂರು 2018ರಲ್ಲಿ ಕೊಳ್ಳೇಗಾಲದಿಂದ ಬೇರೆಯಾಗಿ ತಾಲ್ಲೂಕಾಯ್ತು. ಹೊಸ ತಾಲ್ಲೂಕು ಅಂದ್ಮೇಲೆ ಕಚೇರಿ, ಕೋರ್ಟು, ಆಸ್ಪತ್ರೆ ಒಂದೊಂದೇ ಬರ್ತವೆ. ಊರು ತನ್ನ ನಡುಭಾಗವನ್ನ ಹೊಸದಾಗಿ ಕಟ್ಟಿಕೊಳ್ಳೋ ಹೊತ್ತು ಇದು. ಅಲ್ಲೊಂದು ಲೈಬ್ರರಿ ಕಟ್ಟೋದಾದ್ರೆ ಇತಿಹಾಸ ನಮಗೆ ಏನು ಹೇಳುತ್ತೆ?

ಮೊದಲು ಜಾಗ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಲೊಕ್ಕನಹಳ್ಳಿ, ಮಾರ್ಟಳ್ಳಿ, ರಾಮಾಪುರದಿಂದ ಬರೋರು ಇಳಿಯೋದು ಅಲ್ಲೇ, ಕಾಯೋದೂ ಅಲ್ಲೇ. ಬಸ್ಸಿಗೆ ಕಾಯೋ ಮುಕ್ಕಾಲು ಗಂಟೆ ಈಗ ಫೋನಿನಲ್ಲಿ ಕರಗಿಹೋಗುತ್ತೆ. ಅದೇ ಮುಕ್ಕಾಲು ಗಂಟೆಯೇ ನಮ್ಮ ಲೈಬ್ರರಿಯ ದೊಡ್ಡ ಆಸ್ತಿ. ಊರಾಚೆ ಎರಡೆಕರೆ ಪುಕ್ಕಟೆ ಸಿಗುತ್ತೆ ಅಂದ್ರೂ ಬೇಡ. ಊರೊಳಗೆ ಅರ್ಧ ಎಕರೆ ಸಾಕು.

ಜಾಗದ ಬೆಲೆ ಗೊತ್ತಾಗಬೇಕಾದ್ರೆ ಫಿನ್ಲೆಂಡ್ ನೋಡಿ. ಹೆಲ್ಸಿಂಕಿಯ ಕೇಂದ್ರ ಲೈಬ್ರರಿ ಓಡಿ, 2018ರ ಡಿಸೆಂಬರಿನಲ್ಲಿ ತೆರೆದಿದ್ದು. ಪಾರ್ಲಿಮೆಂಟಿನ ಎದುರಿಗೇ ನಿಂತಿದೆ. ಕಟ್ಟೋಕೆ ಮುಂಚೆ ಊರ ಜನರನ್ನ ಕೇಳಿದ್ರು, ನಿಮಗೆ ಏನು ಬೇಕು ಅಂತ. ಹಾಗಾಗಿ ಅಲ್ಲಿ ಪುಸ್ತಕದ ಜೊತೆ ಹೊಲಿಗೆ ಮಷಿನ್ ಇದೆ, 3ಡಿ ಪ್ರಿಂಟರ್ ಇದೆ, ಧ್ವನಿ ರೆಕಾರ್ಡ್ ಮಾಡೋ ಸ್ಟುಡಿಯೋ ಇದೆ. ನಾವು ಅದನ್ನ ಕಾಪಿ ಹೊಡೆಯೋ ಅಗತ್ಯ ಇಲ್ಲ. ಆದ್ರೆ ಕಟ್ಟೋ ಮುಂಚೆ ಕೇಳೋದಕ್ಕೆ ದುಡ್ಡು ಬೇಕಾ?

ಎರಡನೇದು ಹೊತ್ತು. ವೇಳಾಪಟ್ಟಿ ಬರೆಯೋರು ಬಸ್ ಟೈಮನ್ನ ಪಕ್ಕದಲ್ಲಿ ಇಟ್ಕೊಂಡು ಬರೀಬೇಕು. ಬೆಳಗಿನ ಮೊದಲ ಬಸ್ಸಿಂದ ಸಂಜೆಯ ಕೊನೇ ಬಸ್ಸಿನವರೆಗೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋ ಹುಡುಗ ಹುಡುಗಿಯರಿಗೆ ಬೇರೆ ಕೋಣೆ, ಬೇರೆ ಬಾಗಿಲು, ರಾತ್ರಿ ತಡವಾಗಿ ತೆರೆದಿರೋ ಹಾಗೆ. ಅವರು ತಮ್ಮದೇ ಗೈಡು ತಂದು ಓದ್ತಾರೆ, ಅದು ಲೈಬ್ರರಿ ಬಳಕೆ ಅಲ್ಲ ಅಂತ ಮೂಗು ಮುರಿಯೋರಿದ್ದಾರೆ. ಮನೆಯಲ್ಲಿ ಒಂದೇ ಕೋಣೆ, ಒಂದೇ ಬಲ್ಬ್ ಇರೋರಿಗೆ ಕೂರೋಕೆ ಒಂದು ಕುರ್ಚಿ ಸಿಗೋದೂ ಲೈಬ್ರರಿಯೇ.

ಮೂರನೇದು ಒಳಗೆ. ಬೀಗ ಇಲ್ಲದ ಕಪಾಟು. ಮಕ್ಕಳ ಪುಸ್ತಕ ಮಕ್ಕಳ ಎತ್ತರಕ್ಕೆ. ಗಾಳಿ ಆಡೋ ಜಗಲಿ, ಅಲ್ಲಿ ಪೇಪರ್. ಅಜ್ಜ ಅಜ್ಜಿಯರು ಮೆಟ್ಟಿಲು ಹತ್ತದೆ ಬರೋ ಹಾಗೆ ಇಳಿಜಾರು. ಕುಡಿಯೋ ನೀರು. ಹೆಂಗಸರಿಗೆ ಶುಚಿಯಾದ ಟಾಯ್ಲೆಟ್, ಇದು ನಕ್ಷೆಯಲ್ಲಿ ಕೊನೆಗೆ ಸೇರಿಸೋದಲ್ಲ, ಮೊದಲು ಬರೆಯೋದು. ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ, ನಾಳೆ ಬೆಳೆಯೋಕೆ. ಕಬ್ಬನ್ ಪಾರ್ಕಿನ ಕಟ್ಟಡವನ್ನೂ ಆಮೇಲೆ ಹಿಂದಕ್ಕೆ ಬೆಳೆಸಬೇಕಾಯ್ತು.

ನಾಲ್ಕನೇದು ನನಗೆ ತುಂಬ ಮುಖ್ಯ. ಒಂದು ಕೇಳುವ ಕೋಣೆ. ನಮ್ಮ ಸೀಮೆಯ ದೊಡ್ಡ ಪುಸ್ತಕಗಳು ಕಾಗದದ ಮೇಲೆ ಹುಟ್ಟಿದವಲ್ಲ. ಮಾದೇಶ್ವರನ ಕಾವ್ಯ ದೇವರಗುಡ್ಡರ ಬಾಯಲ್ಲಿ, ಮಂಟೇಸ್ವಾಮಿ ಕಾವ್ಯ ನೀಲಗಾರರ ಬಾಯಲ್ಲಿ ಉಳಿದು ಬಂದವು. ಪಿ. ಕೆ. ರಾಜಶೇಖರ ಅವರಂಥವರು ಊರೂರು ಕೂತು ಬರೆದುಕೊಂಡ ಮೇಲೆ ಅವು ಅಚ್ಚಾದವು. ಪೋಡಿನ ಸೋಲಿಗರ ಹಾಡು, ಮಾರ್ಟಳ್ಳಿಯ ತಮಿಳು, ಒಡೆಯರಪಾಳ್ಯದ ಟಿಬೆಟನ್ನರ ಮಾತು, ಇವೆಲ್ಲ ಇದೇ ತಾಲ್ಲೂಕಿನವು. ಕೇಳೋಕೊಂದು ಕೋಣೆ, ರೆಕಾರ್ಡ್ ಮಾಡೋಕೊಂದು ಮೈಕು ಇದ್ರೆ ಓದೋಕೆ ಬರದ ನನ್ನ ಅಜ್ಜಿ ಲೈಬ್ರರಿಗೆ ಬರ್ತಾರೆ. ಬಂದು ಬರೀ ಕೇಳಿ ಹೋಗಲ್ಲ, ತಾವೇ ಹಾಡಿ, ಕೊಟ್ಟು ಹೋಗ್ತಾರೆ.

ಎಲ್ಲ ಫೋನಲ್ಲೇ ಸಿಗುವಾಗ ಲೈಬ್ರರಿ ಯಾಕೆ ಅಂತ ನೀವು ಕೇಳಬಹುದು. ರಾಜ್ಯದ ಡಿಜಿಟಲ್ ಲೈಬ್ರರಿ 2020ರಿಂದ ಇದೆ, ಬಳಸಿ, ಒಳ್ಳೇದೇ. ಆದ್ರೆ ಫೋನು ನಿಮಗೆ ಒಂದು ಮೇಜು, ಒಂದು ಫ್ಯಾನು, ಎದುರಿಗೆ ಓದ್ತಾ ಕೂತ ಇನ್ನೊಬ್ಬ ಮನುಷ್ಯನನ್ನ ಕೊಡಲ್ಲ. ರೀಚಾರ್ಜ್ ಮುಗಿದ ದಿನ ಏನನ್ನೂ ಕೊಡಲ್ಲ.

ಬದಲಾವಣೆ ಆಗಲ್ಲ ಅಂತಲೂ ಇಲ್ಲ. 2019ರಲ್ಲಿ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ತು. 'ಅರಿವು ಕೇಂದ್ರ' ಅಂತ ಬೋರ್ಡು ಬಂತು. ಕೆಲವು ಕಡೆ ಬಣ್ಣ, ಕಂಪ್ಯೂಟರು, ಮಕ್ಕಳ ಗಲಾಟೆ. ಕೆಲವು ಕಡೆ ಬರೀ ಬೋರ್ಡು. ನಿಮ್ಮೂರದ್ದು ಹೇಗಿದೆ ಅಂತ ಹೋಗಿ ನೋಡಿ ಬನ್ನಿ.

ಹೋಗುವಾಗ ಜೇಬಲ್ಲಿ ಆ ರಸೀದಿ ಇರಲಿ. ಬಾಗಿಲು ಹಾಕಿದ್ರೆ, ಎಷ್ಟೊತ್ತಿಗೆ ತೆಗೀತೀರಿ ಅಂತ ಕೇಳಿ. ಗ್ರಾಮಸಭೆಯಲ್ಲಿ, ಪಟ್ಟಣ ಪಂಚಾಯ್ತಿಯಲ್ಲಿ, ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಕೇಳಿ. ಜಗಳ ಆಡೋದು ಬೇಡ, ಕೇಳಿದ್ರೆ ಸಾಕು. ಕಟ್ಟಡದ ನಕ್ಷೆ ಬರೆಯೋದು ಇಂಜಿನಿಯರು. ಅದರೊಳಗೆ ಯಾರಿಗೆ ಜಾಗ ಅನ್ನೋದನ್ನ ಬರೆಯೋದು ಕೇಳೋರು.

ಅಜ್ಜಿಗೆ ಇಷ್ಟನ್ನೂ ಹೇಳಿದೆ. ಅಯ್ಯರು, ಮೇಷ್ಟ್ರು, ಕೊಯಮತ್ತೂರು, ಎತ್ತಿನ ಗಾಡಿ ಎಲ್ಲ. ಎತ್ತಿನ ಗಾಡಿ ಮಾತ್ರ ಅವರಿಗೆ ಇಷ್ಟ ಆಯ್ತು. ಆಮೇಲೆ ರಸೀದಿ ಮಡಚಿ ಎಲೆಯಡಿಕೆ ಚೀಲಕ್ಕೆ ಹಾಕ್ಕೊಂಡು ಅಂದ್ರು: "ಅಂಗಾದ್ರ ಅದ್ರಲ್ಲಿ ನನ್ದೂ ಒಂದ್ ಕುರ್ಚಿ ಅದ ಅನ್ನು."

ಅದ ಅಜ್ಜಿ. ಖಂಡಿತ ಅದ.